ಗೋ ಆಟಕ್ಕೆ ದುಡ್ಡು ಹಾಕಬೇಕಾ? ಪರ–ವಿರೋಧ

ಏಷ್ಯಾದ ಎಲ್ಲ ದೇಶಗಳಲ್ಲೂ ಗೋ ಎಂಬ ಕಪ್ಪು-ಬಿಳಿ ಕಾಯಿಗಳ ಹಲಗೆಯಾಟ ಬೆಳೆಸಲು ಹಣ ಹಾಕಬೇಕೇ? ಮಲೆನಾಡಿನ ಇಬ್ಬರು ಬರೆದಿದ್ದಾರೆ.

ಪರ: ಊರೂರು ತಿರುಗುವ ಮೇಷ್ಟ್ರು ಬೇಕು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಪತ್ತೆ ಇರುವುದಿಲ್ಲ. ಅಂಥದ್ದೊಂದು ಭಾನುವಾರ ರಟ್ಟಿನ ಮೇಲೆ ಒಂಬತ್ತು ಅಡ್ಡಗೆರೆ, ಒಂಬತ್ತು ಉದ್ದಗೆರೆ ಎಳೆದೆ. ಕಪ್ಪು ಕಾಯಿಗೆ ಅಂಟುವಾಳದ ಬೀಜ, ಬಿಳಿ ಕಾಯಿಗೆ ಅಂಗಿಯ ಗುಂಡಿ. ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಗೋ ಹೇಳಿಕೊಟ್ಟೆ. ಗೆರೆ ಕೂಡುವಲ್ಲಿ ಕಾಯಿ ಇಡಬೇಕು. ಇಟ್ಟದ್ದನ್ನು ಸರಿಸುವಂತಿಲ್ಲ. ಸುತ್ತಲೂ ಉಸಿರಾಡುವ ಜಾಗ ಮುಚ್ಚಿದರೆ ಕಾಯಿ ಸತ್ತಿತು. ಕೊನೆಗೆ ಜಾಸ್ತಿ ಜಾಗಕ್ಕೆ ಬೇಲಿ ಹಾಕಿಕೊಂಡವರು ಗೆದ್ದರು. ಬೇಲಿ ಅಂದ ಕೂಡಲೇ ತೋಟದ ಮನೆಯ ಮಕ್ಕಳಿಗೆ ಎಲ್ಲ ಅರ್ಥವಾಯಿತು.

ಈಗ ಹನ್ನೊಂದು ಮಕ್ಕಳು ಬರುತ್ತಾರೆ. ಅವರಲ್ಲಿ ಒಬ್ಬಳು ಕಳೆದ ತಿಂಗಳು ನನ್ನನ್ನು ಸೋಲಿಸಿದಳು. ಖುಷಿಯಾಯಿತು, ಆ ರಾತ್ರಿ ನಿದ್ದೆಯೂ ಬರಲಿಲ್ಲ. ಅವಳಿಗೆ ಇನ್ನು ಮುಂದೆ ಕಲಿಸುವವರು ಯಾರು? ಹಣ ಬೇಕಾಗಿರುವುದು ಇಲ್ಲಿಗೆ. ಹಲಗೆಗಲ್ಲ, ಕಾಯಿಗಲ್ಲ, ಟ್ರೋಫಿಗಲ್ಲ. ಊರೂರು ತಿರುಗುವ ಮೇಷ್ಟ್ರಿಗೆ.

ಗೋ ಆಟದಲ್ಲಿ ದುಡ್ಡಿಲ್ಲ ಎಂದಲ್ಲ. ತೈವಾನಿನ ಉದ್ಯಮಿ ಇಂಗ್ ಚಾಂಗ್-ಕಿ 1988ರಲ್ಲಿ ಶುರು ಮಾಡಿದ ಇಂಗ್ ಕಪ್‌ನಲ್ಲಿ ಗೆದ್ದವರಿಗೆ ನಾಲ್ಕು ಲಕ್ಷ ಡಾಲರ್. ಆದರೆ ಅದು ಈಗಾಗಲೇ ಮೇಲಿರುವವರಿಗೆ ಹೋಗುವ ಹಣ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಗೋ ಇತ್ತು, 2023ರಲ್ಲಿ ನಡೆದ ಹಾಂಗ್‌ಝೌ ಕೂಟದಲ್ಲೂ ಇತ್ತು. ಎರಡರಲ್ಲೂ ಪದಕಗಳೆಲ್ಲ ಚೀನಾ, ಕೊರಿಯಾ, ಜಪಾನ್, ತೈವಾನಿನ ಒಳಗೇ ಉಳಿದವು. ಇಷ್ಟು ದೊಡ್ಡ ಖಂಡದಲ್ಲಿ ನಾಲ್ಕೇ ಮನೆಗೆ ಹಬ್ಬ!

ಇವಾಮೊಟೊ ಕಾವೊರು ಅವರ ಕಥೆಯನ್ನು ನಾನು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಜಪಾನಿನ ಈ ಆಟಗಾರರು 1929ರಲ್ಲಿ ಕಾಫಿ ಬೆಳೆಯುತ್ತೇನೆಂದು ಬ್ರೆಜಿಲ್‌ಗೆ ಹೋದರು. ಕೈ ಹತ್ತಲಿಲ್ಲ, ಎರಡು ವರ್ಷಕ್ಕೆ ವಾಪಸ್ ಬಂದರು. 1945ರ ಆಗಸ್ಟ್ 6ರಂದು ಹಿರೋಶಿಮಾದ ಹೊರವಲಯದಲ್ಲಿ ಅವರು ಪಂದ್ಯ ಆಡುತ್ತಿದ್ದರು. ಬಾಂಬು ಬಿತ್ತು. ಕಾಯಿಗಳು ಚೆಲ್ಲಾಪಿಲ್ಲಿಯಾದವು. ಮತ್ತೆ ಜೋಡಿಸಿ ಅದೇ ದಿನ ಆಟ ಮುಗಿಸಿದರು. ಇಳಿವಯಸ್ಸಿನಲ್ಲಿ ತಮ್ಮ ಸ್ವಂತ ಹಣ ಕೊಟ್ಟು ಸಾವೊ ಪಾಲೊ, ನ್ಯೂಯಾರ್ಕ್, ಸಿಯಾಟಲ್, ಆಮ್‌ಸ್ಟರ್‌ಡ್ಯಾಮ್ ಕಡೆ ಗೋ ಕೇಂದ್ರಗಳು ಏಳುವಂತೆ ಮಾಡಿದರು. ಅವೆಲ್ಲ ದೂರದ ಖಂಡಗಳು. ನಮ್ಮ ಖಂಡದಲ್ಲೇ ನಮ್ಮ ಕಡೆಗೆ ಅಂಥ ಕೈ ಚಾಚಿಲ್ಲ.

ಹೊರಗಿನ ಆಟ ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಹೆಗ್ಗೋಡಿಗೆ ಹೋಗಿ ನೋಡಿ. ನೀನಾಸಂ 1949ರಲ್ಲಿ ಹುಟ್ಟಿತು. ಶೇಕ್ಸ್‌ಪಿಯರ್, ಬ್ರೆಕ್ಟ್ ನಾಟಕಗಳನ್ನು ಅಡಿಕೆ ತೋಟದ ನಡುವೆ ಕನ್ನಡದಲ್ಲಿ ಆಡಿತು. 1985ರಿಂದ ತಿರುಗಾಟದ ತಂಡ ಊರೂರಿಗೆ ಹೊರಟಿತು. ಅದರಿಂದ ಯಕ್ಷಗಾನ ಬಡವಾಯಿತೇ? ನಮ್ಮ ಜನ ಎರಡನ್ನೂ ನೋಡಿದರು. ಗೋ ಆಟಕ್ಕೂ ಅಂಥದ್ದೇ ಒಂದು ತಿರುಗಾಟ ಬೇಕು. ತಿಂಗಳಿಗೊಮ್ಮೆ ನಮ್ಮ ಜಗಲಿಗೆ ಬರುವ ಒಬ್ಬ ಮೇಷ್ಟ್ರು. ಅವರ ಬಸ್ ಚಾರ್ಜು, ಅವರ ಸಂಬಳ. ನಾನು ಕೇಳುವುದು ಅಷ್ಟೇ.

ವಿರೋಧ: ಅಟ್ಟದ ಮೇಲಿನ ಚೆನ್ನೆಮಣೆ

ಈ ಬದಿಯಲ್ಲಿ ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ಗೋ ಕೆಟ್ಟ ಆಟ ಅಂತ ನಾನು ಹೇಳುವುದಿಲ್ಲ. ಅಂಟುವಾಳದ ಬೀಜದಲ್ಲಿ ಆಡಬಹುದಾದ ಆಟಕ್ಕೆ ಖಂಡದ ಉದ್ದಗಲ ಹಣ ಯಾಕೆ ಅನ್ನುವುದು ನನ್ನ ಪ್ರಶ್ನೆ. ಆಡುವವರು ಹೇಗೂ ಆಡುತ್ತಾರೆ ಅಲ್ವಾ? ನಾಟಕದ ಮಾತು ಬೇರೆ, ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಯುರೋಪಿನಲ್ಲಿ 1957ರಿಂದ ಗೋ ಕಾಂಗ್ರೆಸ್ ಎಂಬ ಆಟಗಾರರ ಕೂಟ ನಡೆಯುತ್ತಿದೆ. ಅಲ್ಲಿನ ಒಕ್ಕೂಟ ತನ್ನದೇ ವೃತ್ತಿಪರ ಆಟಗಾರರನ್ನು ಆರಿಸಿದ್ದು 2014ರಲ್ಲಿ. ಐವತ್ತೇಳು ವರ್ಷ! ಅಷ್ಟು ಕಾಲ ದುಡ್ಡು ಹಾಕುತ್ತಾ ಕೂರುವವರು ಯಾರು? ನಾನು ಮೊದಲು ಪಾಠ ಮಾಡುತ್ತಿದ್ದ ಶಾಲೆಗೆ ಒಮ್ಮೆ ಚೆಸ್ ಬೋರ್ಡುಗಳು ಬಂದವು. ಫೋಟೊ ತೆಗೆದರು, ಬೀರುವಿನಲ್ಲಿಟ್ಟರು. ಆಮೇಲೆ ಗೆದ್ದಲು ಹಿಡಿಯಿತು.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಸಾಗರದ ಹತ್ತಿರ ನಮ್ಮ ಅಜ್ಜಿ ಮನೆಯಲ್ಲಿ ಹಲಸಿನ ಮರದ ಚೆನ್ನೆಮಣೆ ಇತ್ತು. ಎರಡು ಸಾಲು, ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಳು. ಆಷಾಢದ ಮಳೆ ಹಿಡಿಯಿತು ಅಂದರೆ ಮಣೆ ಜಗಲಿಗೆ ಬಂತು. ಅಜ್ಜಿ ಕಾಳು ಎಣಿಸುತ್ತಲೇ ಇರಲಿಲ್ಲ. ಗುಳಿಯ ಮೇಲೆ ಬೆರಳು ಆಡಿಸಿದರೆ ಸಾಕು, ಎಷ್ಟಿದೆ ಅಂತ ಗೊತ್ತಾಗುತ್ತಿತ್ತು. ನಾನು ಲೆಕ್ಕ ಕಲಿತದ್ದು ಅಲ್ಲಿ, ಶಾಲೆಯಲ್ಲಲ್ಲ.

ಹೋದ ವರ್ಷ ಆ ಮಣೆಯನ್ನು ಅಟ್ಟದಿಂದ ಇಳಿಸಿದೆ. ನನ್ನ ಮಗಳು ಗುಳಿಗಳನ್ನು ನೋಡಿ, "ಅಮ್ಮಾ, ಇದು ಅರಿಶಿನ ಕುಂಕುಮ ಇಡೋದಾ?" ಅಂದಳು. ನನಗೆ ಮಾತು ಬರಲಿಲ್ಲ. ಕೂರಿಸಿಕೊಂಡು ಆಡಿಸಲು ಹೊರಟರೆ ನನಗೇ ಒಂದು ಬಗೆಯ ಆಟ ಮಾತ್ರ ನೆನಪಿತ್ತು. ಅಜ್ಜಿ ಒಬ್ಬರೇ ಕೂತು ಆಡುತ್ತಿದ್ದ ಇನ್ನೊಂದು ಬಗೆ ಇತ್ತು. ಅದು ನಮ್ಮ ದೊಡ್ಡಮ್ಮನಿಗೆ ಮಾತ್ರ ಗೊತ್ತು. ಅವರಿಗೆ ಎಂಬತ್ತು ದಾಟಿದೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆರಳು ಮಾತ್ರ ಇನ್ನೂ ಗುಳಿ ಮರೆತಿಲ್ಲ. ಆಟಕ್ಕೆ ಅಂತ ಎಲ್ಲಾದರೂ ಹಣ ಇದ್ದರೆ, ಈ ಮಳೆಗಾಲ ಮುಗಿಯುವುದರೊಳಗೆ ಯಾರಾದರೂ ಅವರ ಎದುರು ಕೂತು ಅದನ್ನು ಬರೆದುಕೊಳ್ಳಲಿ.