ಪಾಸಿಗೊಂದು ಪ್ರವಾಸ

ಭಾನುವಾರ ಹೋಗಿ ಬಂದಿದ್ದು. ಇವತ್ತು ಬುಧವಾರ. ಇನ್ನೂ ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿದು, ಒಂದೊಂದೇ ಕಾಲಿಟ್ಟು, "ಅಯ್ಯಮ್ಮಾ" ಅಂತ ಇಳಿಯುತ್ತಿದ್ದೇನೆ. ಏನಾಯ್ತು ಅಂತ ಕೇಳಿದ ಆಫೀಸಿನವರಿಗೆ ಚಿತ್ರದುರ್ಗದ ಕೋಟೆಗೆ ಹೋಗಿದ್ದೆ ಅಂದೆ. "ಒಳ್ಳೇದಾಯ್ತು ಬಿಡಿ, ನೋಡಲೇಬೇಕಾದ ಜಾಗ" ಅಂದರು. ಸುಮ್ಮನಾದೆ. ತುಮಕೂರಿನಿಂದ 130 ಕಿಲೋಮೀಟರ್ ಹೋಗಿದ್ದು ಕೋಟೆ ನೋಡೋಕಲ್ಲ, ಟೋಲ್ ದಾಟೋಕೆ ಅಂತ ಯಾವ ಬಾಯಲ್ಲಿ ಹೇಳಲಿ?

ಇದಕ್ಕೆಲ್ಲ ಕಾರಣ ನಮ್ಮ ಭಾವ. ಅಕ್ಕನ ಗಂಡ. ಖಜಾನೆಯಲ್ಲಿ ಲೆಕ್ಕ ನೋಡಿ ನೋಡಿ ನಿವೃತ್ತರಾದವರು. 2025ರ ಆಗಸ್ಟ್ 15ರಂದು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಶುರುವಾಯಿತಲ್ಲ, ಅವತ್ತೇ ಮಾಡಿಸಿಕೊಂಡರು. ಬಡಾವಣೆಯ ಧ್ವಜಾರೋಹಣ ಮುಗಿಸಿ ಬಂದವರು, ಕೊಟ್ಟಿದ್ದ ಲಾಡು ಇನ್ನೂ ಬಾಯಲ್ಲಿರುವಾಗಲೇ ಮೊಬೈಲ್ ಹಿಡಿದು ಕೂತಿದ್ದರಂತೆ. ಆಗ 3,000 ರೂಪಾಯಿ ಕಟ್ಟಿದರೆ 200 ಸಲ ಟೋಲ್ ದಾಟಬಹುದಿತ್ತು, ಇಲ್ಲವೇ ಒಂದು ವರ್ಷ. ಯಾವುದು ಮೊದಲೋ ಅದು. "ಒಂದು ಸಲಕ್ಕೆ ಹದಿನೈದೇ ರೂಪಾಯಿ ಬೀಳುತ್ತೆ ಕಣಯ್ಯ!" ಅಂತ ಫೋನ್ ಮಾಡಿದರು. ನಾನೂ ಭೇಷ್ ಅಂದೆ. "ಯಾವುದು ಮೊದಲೋ ಅದು" ಅನ್ನೋ ಮೂರು ಪದ ನಮ್ಮೆಲ್ಲರ ಭಾನುವಾರಗಳನ್ನು ನುಂಗುತ್ತೆ ಅಂತ ಆಗ ಹೊಳೆಯಲಿಲ್ಲ.

ಟೋಲ್ ಅಂದರೆ ಉರಿದು ಬೀಳುತ್ತಿದ್ದವರು ಇದೇ ಭಾವ. ಹಿಂದೆ ಬೆಂಗಳೂರಿಗೆ ಹೋಗುವಾಗ ಅದನ್ನು ತಪ್ಪಿಸೋಕೆ ಯಾವುದೋ ಹಳ್ಳಿ ದಾರಿಗೆ ಇಳಿಯುತ್ತಿದ್ದರು. ಒಂದು ಸಲ ರಸ್ತೆ ತುಂಬ ಹರಡಿದ್ದ ಹುರುಳಿ ಮೇಲೆ ಕಾರು ಓಡಿಸಿ, ಯಾರದೋ ಒಕ್ಕಣೆ ಪುಕ್ಕಟೆ ಮಾಡಿಕೊಟ್ಟು, ಚಕ್ರಕ್ಕೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ನಮ್ಮ ಕೈಯಲ್ಲಿ ಬಿಡಿಸಿದ್ದರು. ಉಳಿದಿದ್ದು ಟೋಲ್ ದುಡ್ಡು. ಹೋಗಿದ್ದು ಅದಕ್ಕಿಂತ ಜಾಸ್ತಿ ಪೆಟ್ರೋಲು.

ಅಂಥವರು ಹೋದ ಗುರುವಾರ ರಾತ್ರಿ ನಮ್ಮ ಮನೆಗೆ ಬಂದು, ಊಟದ ಟೇಬಲ್ಲಿನ ಮೇಲೆ ಉದ್ದನೆಯ ಹಾಳೆ ಹರಡಿ, ಮುಖ ಸಪ್ಪೆ ಮಾಡಿಕೊಂಡು ಹೇಳಿದರು: "ಬರೀ 39 ಆಗಿದೆ. ಇನ್ನೂ 161 ಉಳಿದಿದೆ." ಸಾಲ ಉಳಿದಿದೆ ಅನ್ನೋ ದನಿ. ಆಗಸ್ಟಿಗೆ ಇನ್ನು ಇಪ್ಪತ್ತೊಂಬತ್ತು ವಾರ. ಭಾಗಿಸಿಕೊಂಡೇ ಬಂದಿದ್ದರು. "ವಾರಕ್ಕೆ ಐದೂವರೆ ಟೋಲ್ ದಾಟಬೇಕು."

"ಅರ್ಧ ಟೋಲ್ ದಾಟೋದು ಹೇಗೆ ಭಾವ?" ಅಂದೆ. ಅವರು ನಗಲಿಲ್ಲ.

ಭಾನುವಾರ ಎಲ್ಲಾದರೂ ಹೋಗೋದು ಅಂತ ತೀರ್ಮಾನವಾಯಿತು. ನಾನು ದೇವರಾಯನದುರ್ಗ ಅಂದೆ. ಹತ್ತಿರ, ತಂಪು, ಬೆಟ್ಟದ ಮೇಲೆ ನರಸಿಂಹಸ್ವಾಮಿ, ಬರುವಾಗ ನಾಮದ ಚಿಲುಮೆ, ಮಧ್ಯಾಹ್ನದ ಊಟಕ್ಕೆ ಮನೆ. ಭಾವ ತಲೆ ಎತ್ತದೆ ಹೇಳಿದರು, "ಅಲ್ಲಿ ಟೋಲ್ ಇಲ್ಲ." ನನ್ನ ಹೆಂಡತಿ ಕೈದಾಳ ಅಂದಳು. ಜಕಣಾಚಾರಿಯ ಊರು ಅಂತಾರೆ, ಇಷ್ಟು ಹತ್ತಿರ ಇದ್ದೂ ನೋಡಿಲ್ಲ ಅಂತ. ಅಲ್ಲೂ ಇಲ್ಲ. ಅಮ್ಮ ಸಿದ್ಧರಬೆಟ್ಟದ ಹೆಸರು ಹೇಳುವ ಹೊತ್ತಿಗೆ ಭಾವ ಕನ್ನಡಕದ ಮೇಲಿಂದ ಬರೀ ಒಂದು ನೋಟ ನೋಡಿದರು. ಅಮ್ಮ ಬಟಾಣಿ ಬಿಡಿಸೋದರ ಕಡೆ ಗಮನ ಕೊಟ್ಟರು.

ಚಿತ್ರದುರ್ಗ ಗೆದ್ದಿತು. ಹೋಗುವಾಗ ಕರ್ಜೀವನಹಳ್ಳಿ, ಗುಯಿಲಾಳು. ಬರುವಾಗ ಗುಯಿಲಾಳು, ಕರ್ಜೀವನಹಳ್ಳಿ. ಒಟ್ಟು ನಾಲ್ಕು. ಹಾಳೆಯಲ್ಲಿ ಕೋಟೆ ಅನ್ನೋ ಪದ ಮಧ್ಯದಲ್ಲೆಲ್ಲೋ ಸಣ್ಣಕ್ಷರದಲ್ಲಿತ್ತು. ನಾಲ್ಕು ಟೋಲಿಗೂ ಕೆಂಪು ಶಾಯಿ.

ಆಮೇಲೆ ಶುರುವಾಯಿತು ನೋಡಿ. ಅಕ್ಕನಿಗೆ ದಾರಿಯಲ್ಲಿ ಸೀಬಿ ನರಸಿಂಹಸ್ವಾಮಿ ಆಗಬೇಕು, ಆ ದೇವಸ್ಥಾನದ ಛಾವಣಿಯ ಚಿತ್ರಗಳನ್ನು ಒಂದು ಸಲ ಸಮಾಧಾನವಾಗಿ ನೋಡಬೇಕು. ಮಂಜೂರಾಗಿದ್ದು ಹನ್ನೆರಡು ನಿಮಿಷ. ನನ್ನ ಹೆಂಡತಿಗೆ ವಾಣಿವಿಲಾಸ ಸಾಗರ. 1933ರಲ್ಲಿ ತುಂಬಿದ್ದು ಮತ್ತೆ 2022ರಲ್ಲಿ ಕೋಡಿ ಬಿತ್ತು ಅಂತ ಟಿವಿಯಲ್ಲಿ ನೋಡಿದಾಗಿನಿಂದ ಕೇಳುತ್ತಿದ್ದಾಳೆ. ಅದು ಹಿರಿಯೂರಿನಿಂದ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. "ಮುಂದಿನ ಸಲ ನೋಡೋಣಮ್ಮ" ಅಂದರು ಭಾವ. ಎಂಬತ್ತೊಂಬತ್ತು ವರ್ಷ ಕಾದ ಅಣೆಕಟ್ಟು ಇನ್ನೊಂದು ವಾರ ಕಾಯಲ್ವಾ ಅನ್ನೋ ಧಾಟಿ. ಅಮ್ಮನದು ಒಂದೇ ಷರತ್ತು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ, ಆ ಹೊತ್ತಿನಲ್ಲಿ ಊರಿಗೆ ವಾಪಸ್ ಹೊರಡೋ ಹಾಗಿಲ್ಲ. ಭಾವ ಅದನ್ನೂ ಬರೆದುಕೊಂಡರು. ನನ್ನ ಮಗ ಮಾತ್ರ "ಇಂಟರ್ನಲ್ಸ್ ಇದೆ ಮಾವ" ಅಂತ ತಪ್ಪಿಸಿಕೊಂಡ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಪರೀಕ್ಷೆ ಉಪಕಾರಕ್ಕೆ ಬಂತು.

ಇನ್ನು ಇಡ್ಲಿ ವಿಚಾರ. ಭಾವನ ಮನೆ ಬಟವಾಡಿ. ನಮ್ಮ ಮನೆ ಶಿರಾ ಗೇಟ್ ಹತ್ತಿರ. ಚಿತ್ರದುರ್ಗಕ್ಕೆ ಹೋಗೋದು ನಮ್ಮ ಕಡೆಯಿಂದ. ಆದರೆ ಪ್ರವಾಸ ಅಂದಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೇಡವೇ? ಕ್ಯಾತ್ಸಂದ್ರ ಇರೋದು ಬೆಂಗಳೂರಿನ ಕಡೆ. ಅಂದರೆ ಭಾವ ಬಟವಾಡಿಯಿಂದ ಊರೆಲ್ಲ ದಾಟಿ ಶಿರಾ ಗೇಟಿಗೆ ಬಂದು, ನಮ್ಮನ್ನು ಹತ್ತಿಸಿಕೊಂಡು, ವಾಪಸ್ ಅವರ ಮನೆ ಮುಂದೆಯೇ ಹಾದು ಕ್ಯಾತ್ಸಂದ್ರಕ್ಕೆ ಹೋಗಿ, ಇಡ್ಲಿ ತಿಂದು, ಬೈಪಾಸ್ ಹಿಡಿದು ಮತ್ತೆ ಶಿರಾ ಕಡೆ ಬರಬೇಕು. ಹಾಗೇ ಮಾಡಿದೆವು. ಐದೂ ಮುಕ್ಕಾಲಿಗೆ ಬಂದು ಹಾರ್ನ್ ಹೊಡೆದರು. ಅಮ್ಮನ ಡಿಕಾಕ್ಷನ್ ಇಳಿಯೋದು ತಡವಾಗಿ ಆರೂ ಐವತ್ತಕ್ಕೆ ಹೊರಟೆವು. ಎಂಟೂವರೆಗೆ, ಬೆಣ್ಣೆ ಹಾಕಿದ ಇಡ್ಲಿ ಹೊಟ್ಟೆಯಲ್ಲಿಟ್ಟುಕೊಂಡು, ಹೆಚ್ಚುಕಡಿಮೆ ಎರಡು ಗಂಟೆ ಪ್ರಯಾಣ ಮಾಡಿದ ಸುಸ್ತಿನಲ್ಲಿ, ಕಿಟಕಿಯಿಂದ ನೋಡಿದರೆ ನಮ್ಮ ಏರಿಯಾದ ನೀರಿನ ಟ್ಯಾಂಕು ಕಾಣುತ್ತಿತ್ತು.

ಮುಂದಿನ ಸೀಟು ಅಮ್ಮನಿಗೆ, ಮಂಡಿ ನೋವು. ಹಿಂದೆ ಅಕ್ಕ ಒಂದು ಕಿಟಕಿ, ಹೆಂಡತಿ ಒಂದು ಕಿಟಕಿ, ನಡುವೆ ನಾನು. ನನ್ನ ತೊಡೆಯ ಮೇಲೆ ಪುಳಿಯೋಗರೆಯ ಸ್ಟೀಲ್ ಡಬ್ಬಿ. ಬಿಸಿಬಿಸಿಯಾಗಿಯೇ ತುಂಬಿದ್ದರು. ಶಿರಾ ಬರುವವರೆಗೂ ಅದರ ಬಿಸಿ ನನಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಸೀಬಿಯ ಹನ್ನೆರಡು ನಿಮಿಷ ಮುಗಿಸಿ (ಅಕ್ಕ ಛಾವಣಿ ನೋಡುತ್ತಿರುವಾಗ ಭಾವ ವಾಚ್ ನೋಡುತ್ತಿದ್ದರು) ಮೊದಲ ಟೋಲಿಗೆ ಬಂದೆವು. ದೂರದಿಂದ ಕಂಡ ಕೂಡಲೇ ಭಾವ ಸೀಟಿನಲ್ಲಿ ನೆಟ್ಟಗೆ ಕೂತರು. ಗೋಪುರ ಕಂಡವರ ಹಾಗೆ. ನಿಧಾನವಾಗಿ ಸಾಲಿನಲ್ಲಿ ಸೇರಿಸಿದರು. ನಮ್ಮ ಸರದಿ ಬಂತು. ಕೆಂಪು-ಬಿಳಿ ಪಟ್ಟೆಯ ಕೋಲು ಸರ್ರನೆ ಮೇಲೆದ್ದಿತು. ಯಾರಾದರೂ ಏನು ಮಾಡ್ತಾರೆ? ಹೋಗ್ತಾರೆ. ಭಾವ ಅರ್ಧ ಕಾರು ಆಚೆ, ಅರ್ಧ ಕಾರು ಈಚೆ ಬರೋ ಹಾಗೆ ಮುಂದೆ ಹೋಗಿ ಬ್ರೇಕ್ ಹಾಕಿದರು.

"ಯಾಕೆ ಭಾವ?"

"ಇರು, ಮೆಸೇಜ್ ಬರಲಿ. 160 ಅಂತ ತೋರಿಸಬೇಕು."

ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ. ಅದರ ಹಿಂದಿನವನೂ ಹೊಡೆದ. ಭಾವ ಕನ್ನಡಕ ಹುಡುಕಿದರು. ಅದು ತಲೆಯ ಮೇಲೇ ಇತ್ತು. ಹಾಕಿಕೊಂಡರು. ಮೊಬೈಲಿನ ಬೀಗ ತೆಗೆಯೋಕೆ ಬೆರಳು ಒತ್ತಿದರು. ಬೆರಳಿನಲ್ಲಿ ಇಡ್ಲಿಯ ಬೆಣ್ಣೆ ಇನ್ನೂ ಇತ್ತು ಅಂತ ಕಾಣುತ್ತೆ, ತೆಗೆದುಕೊಳ್ಳಲಿಲ್ಲ. ಪಂಚೆ ತುದಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಅಕ್ಕ "ರೀ, ಮುಂದೆ ಹೋಗ್ರೀ" ಅಂದಳು. "ಲೆಕ್ಕ ಅಂದ್ರೆ ಲೆಕ್ಕ" ಅಂದರು ಭಾವ. ಗೂಡಿನೊಳಗಿದ್ದ ಹುಡುಗ ಕಿಟಕಿಯಿಂದ ಕೈ ಬೀಸಿ, "ಹೋಗಿ ಸಾರ್, ಆಯ್ತು" ಅಂದ. "ಎಷ್ಟು ಕಟ್ ಆಯ್ತಪ್ಪಾ?" "ಪಾಸ್ ಇದೆ ಸಾರ್, ಏನೂ ಇಲ್ಲ." "ಏನೂ ಇಲ್ಲ ಅಂದ್ರೆ ಸೊನ್ನೆ ತಾನೆ?" "ಸೊನ್ನೆ ಸಾರ್!" ಆ ಸೊನ್ನೆ ಅನ್ನೋ ಮಾತು ಕಿವಿಗೆ ಬಿದ್ದಾಗ ಭಾವನ ಮುಖ ನೋಡಬೇಕಿತ್ತು. ಮೊಮ್ಮಗು ಮೊದಲ ಸಲ ತಾತ ಅಂದಾಗಲೂ ಅಷ್ಟು ಅರಳಿರಲಿಲ್ಲ.

ಅಷ್ಟರಲ್ಲಿ ಮೇಲಿದ್ದ ಕೋಲಿಗೆ ಸಾಕಾಯಿತೋ ಏನೋ. ನಿಧಾನಕ್ಕೆ ಇಳಿದು ಬಂದು ನಮ್ಮ ಕಾರಿನ ನೆತ್ತಿಯ ಮೇಲೆ ಕೂತಿತು. ಸದ್ದೂ ಇಲ್ಲ, ಪೆಟ್ಟೂ ಇಲ್ಲ. ಮಠದಲ್ಲಿ ತಲೆ ಮೇಲೆ ಕೈ ಇಡ್ತಾರಲ್ಲ, ಹಾಗೆ. ಅಮ್ಮ "ನರಸಿಂಹಾ!" ಅಂದರು. ಹುಡುಗ ಗೂಡಿನಿಂದ ಹೊರಗೆ ಓಡಿ ಬಂದ. ಲಾರಿಯವನು ಹಾರ್ನ್ ನಿಲ್ಲಿಸಿ ಇಳಿದು ಬಂದು, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತ ನಿಂತ. ಅವನ ಸಿಟ್ಟು ಆಗಲೇ ಇಳಿದು ಕುತೂಹಲಕ್ಕೆ ಬಂದಿತ್ತು. ಕಾರು ಅರ್ಧ ಆಚೆ, ಅರ್ಧ ಈಚೆ. ಭಾವ ಬಯಸಿದ್ದ ಆ ಅರ್ಧ ಟೋಲನ್ನು ಅವತ್ತು ಕಣ್ಣಾರೆ ಕಂಡೆ.

ಹುಡುಗ ಕೋಲು ಎತ್ತಿಸಿದ. "ಒಂದು ಸಲ ಎತ್ತಿದ್ದಕ್ಕೆ ಒಂದು, ಈಗ ಎತ್ತಿದ್ದಕ್ಕೆ ಇನ್ನೊಂದು ಅಂತ ಎರಡು ಹಿಡಿಯಲ್ಲ ತಾನೆ?" ಅಂತ ಭಾವ ಅವನನ್ನು ಕೇಳಿದರು. ಹಿಡಿಯಲ್ಲ ಸಾರ್, ದಮ್ಮಯ್ಯ, ಹೊರಡಿ ಅಂದ. ಆಚೆ ಹೋಗಿ ರಸ್ತೆ ಬದಿ ನಿಲ್ಲಿಸಿ ನೋಡಿದರೆ 160. ಒಂದೇ ಹೋಗಿತ್ತು. ಭಾವ ಶಿಳ್ಳೆ ಹಾಕುತ್ತ ಗೇರ್ ಹಾಕಿದರು.

ಶಿರಾ ಬಂದಿದ್ದು ಗೊತ್ತೇ ಆಗಲಿಲ್ಲ. ಬೈಪಾಸ್ ಅಲ್ವಾ, ಊರು ದೂರದಲ್ಲಿ ಎಲ್ಲೋ ಉಳಿದುಕೊಳ್ಳುತ್ತೆ. ಈ ರಾಷ್ಟ್ರೀಯ ಹೆದ್ದಾರಿಯ ನಂಬರು 48 ಅಲ್ಲ, 4 ಆಗಿದ್ದ ಕಾಲದಲ್ಲಿ ಅಪ್ಪನ ಜೊತೆ ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದೆ. ನನಗೆ ಬಸ್ಸು ಹತ್ತಿದರೆ ವಾಂತಿ. ಅದಕ್ಕೆ ಅಪ್ಪ ಕಿಟಕಿ ಪಕ್ಕ ಕೂರಿಸಿ, ಕಿಲೋಮೀಟರ್ ಕಲ್ಲು ಎಣಿಸು ಅನ್ನುತ್ತಿದ್ದರು. ಹಳದಿ ತಲೆಯ ಬಿಳಿ ಕಲ್ಲು. ಹುಣಸೆ ಮರಗಳ ನಡುವೆ ಒಂದು ಕಂಡಿತು ಅಂದರೆ ಎದ್ದು ನಿಂತು ಕೂಗುತ್ತಿದ್ದೆ. ಮರದ ಹಿಂದೆ ಒಂದು ತಪ್ಪಿಹೋದರೆ ಅಳು. "ತಪ್ಪಿಲ್ಲ, ನಾನು ನೋಡಿದೆ, ಸೇರಿಸಿಕೋ" ಅನ್ನುತ್ತಿದ್ದರು ಅಪ್ಪ. ನಿಜವಾಗಿ ನೋಡಿದ್ದರೋ ಇಲ್ಲವೋ. ಶಿರಾ ಸ್ಟ್ಯಾಂಡಿನಲ್ಲಿ ಹುರಿದ ಕಡ್ಲೆಕಾಯಿಯ ಪೊಟ್ಟಣ ಕಿಟಕಿಯಿಂದಲೇ ಕೈಗೆ ಬರುತ್ತಿತ್ತು. ಈಗ ಎಸಿ ಹಾಕಿ ಗಾಜು ಏರಿಸಿದ ಮೇಲೆ ಕೈಗೆ ಏನೂ ಬರಲ್ಲ. ನಾನು ನಡುವಿನ ಸೀಟಿನಿಂದ ಕತ್ತು ಚಾಚಿ ಕಲ್ಲು ಕಾಣುತ್ತೇನೋ ಅಂತ ನೋಡಿದೆ. ಅಕ್ಕನ ಮುಡಿಯ ಮಲ್ಲಿಗೆ ಮೂಗಿಗೆ ತಗುಲಿ ಸೀನು ಬಂತು.

ಕೋಟೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ನೀವೂ ನೋಡಿರ್ತೀರಿ. ಬಿಸಿಲಿತ್ತು, ಮೆಟ್ಟಿಲಿತ್ತು, ಕೋತಿ ಇತ್ತು. ಅಮ್ಮ ಬಾಗಿಲ ಹತ್ತಿರವೇ ನೆರಳು ಹಿಡಿದು ಕೂತರು. ಒಂದರ ಹಿಂದೊಂದು ಬಾಗಿಲು ದಾಟುತ್ತ ಭಾವ ಎಣಿಸಿ, "ಏಳು ಸುತ್ತು! ಒಂದೊಂದರಲ್ಲೂ ಸುಂಕ ಇಟ್ಟಿದ್ದರೆ ನಾಯಕರ ಬೊಕ್ಕಸ ಏನಾಗಿರೋದು" ಅಂತ ನಿಟ್ಟುಸಿರು ಬಿಟ್ಟರು. ಓಬವ್ವನ ಕಿಂಡಿಯ ಮುಂದೆ ಅಕ್ಕ ಬಹಳ ಹೊತ್ತು ನಿಂತಳು. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದ, ಹೆಂಡತಿ ಒನಕೆ ಹಿಡಿದು ಅವನ ಕೆಲಸವನ್ನೂ ಮಾಡಿದಳು. "ಕೋಟೆ ಹೋಗೋ ಹೊತ್ತಿಗೂ ಇವರಿಗೆ ಊಟ" ಅಂದಳು, ಭಾವನ ಕಡೆ ನೋಡದೆ. ಭಾವ ಆಗ ಪುಳಿಯೋಗರೆ ಡಬ್ಬಿ ಎಲ್ಲಿ ಅಂತ ನನ್ನನ್ನು ಕೇಳುತ್ತಿದ್ದರು.

ತೊಡೆ ಹೋಗಿದ್ದು ಹತ್ತಿ ಅಲ್ಲ, ಇಳಿದು. ತುಪ್ಪದ ಕೊಳದ ಬಂಡೆ ಹತ್ತಲೇಬೇಕು ಅಂತ ನನ್ನ ಹೆಂಡತಿ ಹಟ ಹಿಡಿದು (ಅಣೆಕಟ್ಟಿನ ಸೇಡು) ಹತ್ತಿಸಿದಳು. ಮೇಲೆ ಗಾಳಿಗೆ ಮುಖವೊಡ್ಡಿ ನಿಂತಾಗ ಫೋನ್ ಬಂತು. ಅಮ್ಮ. "ನಾಲ್ಕು ಗಂಟೆ ಆಯ್ತು ಕಣೋ, ರಾಹುಕಾಲ!" ಅಲ್ಲಿಂದ ಓಡಿದ್ದೇ ಓಡಿದ್ದು. ಒಬ್ಬರ ಹಿಂದೆ ಒಬ್ಬರು ಅಷ್ಟೂ ಬಾಗಿಲುಗಳಲ್ಲಿ ಧಡಧಡ ಇಳಿಯುತ್ತಿದ್ದರೆ, ಎದುರಿಗೆ ಹತ್ತುತ್ತಿದ್ದ ಶಾಲಾ ಮಕ್ಕಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮೇಲೆ ಏನೋ ಆಗಿದೆ ಅಂದುಕೊಂಡಿರಬೇಕು. ನಾಲ್ಕೂ ಇಪ್ಪತ್ತೆಂಟಕ್ಕೆ ಕಾರು ಹತ್ತಿ, ಭಾವ ಸ್ಟಾರ್ಟ್ ಮಾಡಿ, ಇಪ್ಪತ್ತು ಅಡಿ ಮುಂದೆ ಹೋಗಿ ನಿಲ್ಲಿಸಿದರು. "ಹೊರಟ ಹಾಗಾಯ್ತಲ್ಲ ಅತ್ತೆ?" ಆಯ್ತು ಅಂದರು ಅಮ್ಮ. ಎಲ್ಲರೂ ಇಳಿದು, ಅರ್ಧ ಗಂಟೆ ಕೂತು ಟೀ ಕುಡಿದು, ಮಿರ್ಚಿ ತಿಂದೆವು.

ವಾಪಸ್ ಬರುವಾಗ ಯಾರಿಗೂ ಮಾತಿಲ್ಲ. ಅಕ್ಕ ನನ್ನ ಹೆಗಲ ಮೇಲೆ, ಹೆಂಡತಿ ಇನ್ನೊಂದು ಹೆಗಲ ಮೇಲೆ. ಕೊನೆಯ ಟೋಲಿನಲ್ಲಿ ಕೋಲು ಎದ್ದಿತು. ಭಾವ ಈ ಸಲ ನಿಲ್ಲಿಸಲಿಲ್ಲ. ಬೆಳಿಗ್ಗೆಯ ಹುಡುಗ ಇದ್ದಾನೇನೋ ಅಂತ ಹೆದರಿಕೆ ಇದ್ದಿರಬೇಕು. ಮೊಬೈಲ್ ಟಿಂಗ್ ಅಂತು. ಕತ್ತಲಲ್ಲಿ ಸ್ವಲ್ಪ ದೂರ ಹೋದೆವು.

"ಎಷ್ಟು ಉಳೀತಪ್ಪಾ?" ಮುಂದಿನ ಸೀಟಿನಿಂದ ಅಮ್ಮ. ನಿದ್ದೆ ಮಾಡಿದ್ದಾರೆ ಅಂದುಕೊಂಡಿದ್ದೆ.

"157 ಅತ್ತೆ."

"ಅಷ್ಟೊಂದಿದ್ಯಾ." ಸ್ವಲ್ಪ ಹೊತ್ತು ಬಿಟ್ಟು, "ಧರ್ಮಸ್ಥಳಕ್ಕೆ ಹೋಗಿ ಎಂಟು ವರ್ಷ ಆಯ್ತು ನೋಡಿ."

ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಆ ದಾರೀಲಿ ಎಷ್ಟು ಟೋಲ್ ಬರುತ್ತೆ ನೋಡಯ್ಯಾ."

ಅಕ್ಕನ ತಲೆ ಅಲುಗದ ಹಾಗೆ, ಖಾಲಿ ಡಬ್ಬಿಯನ್ನು ಕಾಲಿನ ಹತ್ತಿರ ಇಳಿಸಿ, ಜೇಬಿನಿಂದ ಮೊಬೈಲ್ ತೆಗೆದೆ.