ಮನಸ್ಸು ಹೇಳಿದಂತೆ ನಡೆಯಬೇಕೇ? ಪರ – ವಿರೋಧ

ಪರ
(ಸ್ಟಾಫ್ ನರ್ಸ್, ದಾವಣಗೆರೆ)

ನಡೆಯಬೇಕು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

ಮನಸ್ಸು "ಯಾಕೋ ಸರಿಯಿಲ್ಲ" ಅಂದರೆ ಸುತ್ತ ಇರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಆಧಾರ ಏನಿದೆ? ಆಧಾರ ಕೈಗೆ ಸಿಗುವ ಹೊತ್ತಿಗೆ ಎಷ್ಟೋ ಸಲ ಕೆಲಸ ಕೆಟ್ಟಿರುತ್ತದೆ. ಹಾಗಂತ ಒಳಗಿನ ದನಿ ಅಂದರೆ ಪವಾಡ ಅಲ್ಲ. ವರ್ಷಗಟ್ಟಲೆ ನೋಡಿ ನೋಡಿ, ಮಾಡಿ ಮಾಡಿ ಒಳಗೆ ಕೂತ ತಿಳಿವಳಿಕೆ ಅದು. ಮಾತಾಗುವ ಮೊದಲೇ ಎಚ್ಚರಿಸುತ್ತದೆ, ಅಷ್ಟೇ. ಅದಕ್ಕೆ ಕಿವಿ ಕೊಡದೆ ಇದ್ದರೆ ಅಷ್ಟು ವರ್ಷ ಕಲಿತದ್ದನ್ನೇ ಕಡೆಗಣಿಸಿದ ಹಾಗೆ ಅಲ್ವಾ?

ನೈಟ್ ಡ್ಯೂಟಿ ಮಾಡಿದ ಯಾವ ನರ್ಸನ್ನು ಬೇಕಾದರೂ ಕೇಳಿ. ಬೆಡ್ ಹತ್ತಿರ ಹೋದ ತಕ್ಷಣ ಗೊತ್ತಾಗುತ್ತದೆ. ಹೇಗೆ ಅಂದರೆ ಹೇಳುವುದು ಕಷ್ಟ.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆದ ಒಬ್ಬ ಅಜ್ಜಿ ಇದ್ದರು. ಬಾಯಿ ತುಂಬಾ ಮಾತು. ಪಕ್ಕದ ಬೆಡ್‌ನವರ ಸೊಸೆ ಎಲ್ಲಿಯವಳು ಅಂತ ಕೂಡ ವಿಚಾರಿಸಿಕೊಂಡಿದ್ದರು. ಆ ರಾತ್ರಿ ಮಾತಿಲ್ಲ. ಬಿಪಿ ಸರಿ ಇದೆ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್) ಸರಿ ಇದೆ, ಪಲ್ಸ್ ಸ್ವಲ್ಪ ಜಾಸ್ತಿ, ಆದರೆ ನೋವಿಗೂ ಅಷ್ಟಿರುತ್ತದೆ. ಹೊದಿಕೆ ಎಳೆಯುತ್ತಾರೆ, ಬಿಡುತ್ತಾರೆ, ಮತ್ತೆ ಎಳೆಯುತ್ತಾರೆ. ನೀರು ಕೇಳುತ್ತಾರೆ. ಮಗಳು ನನ್ನ ಕೈ ಹಿಡಿದು, "ಸಿಸ್ಟರ್, ಅಮ್ಮ ಇವತ್ತು ಅಮ್ಮನ ಥರ ಇಲ್ಲ" ಅಂದರು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ವೈಟಲ್ಸ್ ನಾರ್ಮಲ್ ಇದೆಯಲ್ಲ ಸಿಸ್ಟರ್, ಬೆಳಗ್ಗೆ ರೌಂಡ್ಸ್‌ನಲ್ಲಿ ನೋಡೋಣ" ಅಂದರು. ಮತ್ತೆ ಮಾಡಿದೆ. ಬೇಸರ ಮಾಡಿಕೊಂಡರು. ಆಗ ನೇರವಾಗಿ ಸರ್ಜನ್‌ಗೇ ಮಾಡಿದೆ. ಮಧ್ಯರಾತ್ರಿ ಹಿರಿಯ ಡಾಕ್ಟರನ್ನು ಎಬ್ಬಿಸಿ "ಸರ್, ಯಾಕೋ ಸರಿ ಅನಿಸ್ತಿಲ್ಲ" ಅಂತ ಹೇಳುವುದು ಎಷ್ಟು ಕಷ್ಟ ಅಂತ ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಅವರು ಬಂದರು. ಒಳಗೆ ರಕ್ತ ಹೋಗುತ್ತಿತ್ತು. ಬೆಳಗಾಗುವ ಮೊದಲೇ ಆಪರೇಷನ್ ಥಿಯೇಟರ್‌ಗೆ ತೆಗೆದುಕೊಂಡು ಹೋದರು, ಅಜ್ಜಿ ಉಳಿದರು.

ಇದಕ್ಕೆ ಕಾರಣ ಇದೆ. ರಕ್ತ ಹೋಗುತ್ತಿದ್ದರೂ ದೇಹ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯದ ಬಡಿತ ಹೆಚ್ಚಿಸಿ ಬಿಪಿಯನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಬಿಪಿ ಬೀಳುವುದು ಕೊನೆಕೊನೆಗೆ. ಅದಕ್ಕೂ ಮೊದಲು ಕಾಣುವುದು ಚಡಪಡಿಕೆ, ಬಾಯಾರಿಕೆ, ತಣ್ಣಗಾದ ಕೈಕಾಲು. ಇವು ಚಾರ್ಟ್‌ನಲ್ಲಿ ದೊಡ್ಡದಾಗಿ ಕಾಣುವುದಿಲ್ಲ, ಹತ್ತಿರ ನಿಂತವರಿಗೆ ಕಾಣುತ್ತವೆ.

ಇಂಗ್ಲೆಂಡಿನಲ್ಲಿ ಇದನ್ನು ಕಲಿಯಲು ಒಂದು ಮಗುವಿನ ಜೀವ ಹೋಗಬೇಕಾಯಿತು. 2021ರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಸೆಪ್ಸಿಸ್‌ನಿಂದ, ಅಂದರೆ ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗ ಕೆಡುವ ಸ್ಥಿತಿಯಿಂದ, ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಅಂತ ತಂದೆತಾಯಿ ಹೇಳಿದ್ದನ್ನು ಡಾಕ್ಟರುಗಳು ಗಟ್ಟಿಯಾಗಿ ತೆಗೆದುಕೊಳ್ಳಲಿಲ್ಲ. ಬೇಗ ಐಸಿಯುಗೆ ಸಾಗಿಸಿದ್ದರೆ ಬದುಕುವ ಸಾಧ್ಯತೆ ಹೆಚ್ಚಿತ್ತು ಅಂತ ಆಮೇಲೆ ವಿಚಾರಣೆಯಲ್ಲಿ ಗೊತ್ತಾಯಿತು. 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಅವಳ ಹೆಸರಿನ ನಿಯಮ ಜಾರಿಗೆ ಬರತೊಡಗಿತು. ಮನೆಯವರಿಗೆ ಆತಂಕ ಅನಿಸಿದರೆ ಬೇರೆ ತಂಡವನ್ನು ಕರೆಸಿ ನೋಡಿಸಬಹುದು. ಒಬ್ಬ ತಾಯಿಯ "ಯಾಕೋ ಸರಿಯಿಲ್ಲ" ಅನ್ನುವ ಮಾತಿಗೆ ಅಲ್ಲಿ ಈಗ ಬೆಲೆ ಇದೆ. ನಮ್ಮಲ್ಲಿ ಅಂಥ ತಾಯಿಗೆ "ಹೊರಗೆ ಕೂತ್ಕೊಳ್ಳಮ್ಮ" ಅನ್ನುತ್ತಾರೆ.

ಅಜ್ಜಿಯ ವಿಷಯ ಅಲ್ಲಿಗೇ ಮುಗಿಯಲಿಲ್ಲ. ಮಾರನೆಯ ದಿನ ಕೇಸ್ ಶೀಟ್ ತಂದು ನನ್ನ ಮುಂದೆ ಇಟ್ಟರು. ಮೊದಲ ಫೋನಿಗೂ ಡಾಕ್ಟರ್ ಬಂದದ್ದಕ್ಕೂ ನಡುವೆ ಬಹಳ ಹೊತ್ತು ಕಾಣುತ್ತಿದೆ, ಫೋನ್ ಮಾಡಿದ ಟೈಮ್ ಸ್ವಲ್ಪ ಮುಂದಕ್ಕೆ ಬರೆದುಬಿಡಿ ಅಂದರು. ಪೇಷೆಂಟ್ ಚೆನ್ನಾಗಿದ್ದಾರಲ್ಲ, ಯಾರಿಗೂ ತೊಂದರೆ ಇಲ್ಲವಲ್ಲ. ಲೆಕ್ಕ ಹಾಕಿದರೆ ಬರೆಯುವುದೇ ಲಾಭ: ಡಾಕ್ಟರಿಗೆ ಸಮಾಧಾನ, ಆಸ್ಪತ್ರೆಗೆ ಸಮಾಧಾನ, ನನ್ನ ಕೆಲಸಕ್ಕೂ ಭದ್ರ. ಹಾಗೆ ತಿದ್ದಬಾರದು ಅನ್ನುವ ನಿಯಮ ಇದ್ದೇ ಇತ್ತು. ಆ ನಿಯಮ ಗೊತ್ತಿದ್ದವರೇ ನನ್ನ ಕೈಗೆ ಪೆನ್ ಕೊಟ್ಟಿದ್ದು. ನನ್ನನ್ನು ತಡೆದದ್ದು ಪುಸ್ತಕದ ನಿಯಮ ಅಲ್ಲ. ಬರೆಯಲು ಮನಸ್ಸು ಒಪ್ಪಲಿಲ್ಲ. ಬರೆಯುವುದಿಲ್ಲ ಅಂದೆ. ಕೆಲವು ದಿನಗಳಲ್ಲಿ ನನ್ನನ್ನು ಬೇರೆ ವಾರ್ಡಿಗೆ ಹಾಕಿದರು, ಹಾಕಲಿ.

ಮನಸ್ಸು ಮೋಸ ಮಾಡುತ್ತದೆ ಅಂತ ಎದುರು ಬರೆಯುವವರು ಹೇಳುತ್ತಾರೆ, ಗೊತ್ತು. ಅವರ ಮಾತು ಕೇಳಿದರೆ ಮಗು ಅತ್ತಾಗಲೂ ಅರ್ಜಿ ತುಂಬಿಸಿಕೊಂಡು ಎತ್ತಿಕೊಳ್ಳಬೇಕು. ಕೋಪ, ಆಸೆ, ಭಯ ಇವೆಲ್ಲ ಮನಸ್ಸಾಕ್ಷಿ ಅಲ್ಲ. ಇವುಗಳ ನಡುವಿನ ಫರಕು ಶಾಂತವಾಗಿ ಕೂತರೆ ಯಾರಿಗಾದರೂ ತಿಳಿಯುತ್ತದೆ. 1933ರ ಮೇ 8ರಂದು ಗಾಂಧೀಜಿ ಯೆರವಡಾ ಜೈಲಿನಲ್ಲಿ 21 ದಿನಗಳ ಉಪವಾಸ ಶುರು ಮಾಡಿದಾಗ ಆಪ್ತರೇ ಬೇಡ ಅಂದರು. ಒಳಗಿನ ದನಿ ಹೇಳಿದೆ ಅಂದರು ಅವರು, ಮುಗಿಸಿದರು. ಅಸ್ಪೃಶ್ಯತೆಯ ವಿರುದ್ಧ ಜನರ ಮನಸ್ಸು ತಟ್ಟುವ ಕೆಲಸ ಯಾವ ಕೋಷ್ಟಕ ನೋಡಿ ಆಗುವಂಥದ್ದು ಹೇಳಿ?

ನಮ್ಮ ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ಚಾರ್ಟ್ ಬರೆಯಿರಿ, ಪ್ರೋಟೋಕಾಲ್ ಕಲಿಯಿರಿ. ಆದರೆ ಎದೆ ಒಂದು ಸಲ ಧಸಕ್ ಅಂದರೆ ಡಾಕ್ಟರ್ ಬೈದರೂ ಪರವಾಗಿಲ್ಲ, ಫೋನ್ ಎತ್ತಿ.

ವಿರೋಧ
(ಬ್ಯಾಂಕ್ ಅಧಿಕಾರಿ, ಬೆಂಗಳೂರು)

ನನಗೆ ವಿರೋಧವಾಗಿ ಬರೆಯಲು ಹೇಳಿದ್ದಾರೆ. ಮನಸ್ಸಾಕ್ಷಿ ಬೇಡ ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು. ಅದೊಂದನ್ನೇ ನಂಬಿ ನಡೆಯಬಾರದು ಅನ್ನುವುದಷ್ಟೇ ನನ್ನ ವಾದ. ಆಸ್ಪತ್ರೆಯ ವಿಷಯ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮೊದಲನೆಯದು ಹಣದ ಮಾತು. ನಮ್ಮ ಕೌಂಟರಿಗೆ ಎಫ್‌ಡಿ ಮುರಿಸಲು ಅವಸರವಾಗಿ ಬರುವ ಹಿರಿಯರನ್ನು ಈಗ ನಾವು ಕೂರಿಸಿ ಮಾತಾಡಿಸುತ್ತೇವೆ. ವಂಚಕರು ಅವರನ್ನು 'ಡಿಜಿಟಲ್ ಅರೆಸ್ಟ್', ಅಂದರೆ ಫೋನಿನಲ್ಲೇ ಬಂಧನ, ಅಂತ ಹೆದರಿಸಿರುತ್ತಾರೆ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡು ಕೂತವನು ಗದರಿದರೆ, ಇವರಿಗೆ ಅದು ನಿಜ ಅಂತ ಒಳಗಿನಿಂದಲೇ ಅನಿಸುತ್ತದೆ. ನೂರಕ್ಕೆ ನೂರು ಖಾತ್ರಿ. ಹಾಗೆ ಅನಿಸುವಂತೆ ಮಾಡುವುದೇ ಅವರ ದಂಧೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಫೋನ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ನಾವು ಹೇಳುವುದು ಒಂದು ನಿಯಮ, ಯಾರ ಒಳದನಿಯೂ ಅಲ್ಲ. ಹಣ ಉಳಿಸುವುದು ಆ ನಿಯಮ.

ಎರಡನೆಯದು ರಾಜಕೀಯ. 1969ರ ಜುಲೈನಲ್ಲಿ ಇದೇ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿಯಾಗಿ ನೀಲಂ ಸಂಜೀವ ರೆಡ್ಡಿಯವರ ಹೆಸರು ತೀರ್ಮಾನವಾಯಿತು. ಆಮೇಲೆ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿಯವರು ಗೆದ್ದರು: ಅವರಿಗೆ ಕೊನೆಗೆ 4,20,077 ಮತ, ರೆಡ್ಡಿಯವರಿಗೆ 4,05,427. ಅದೇ ವರ್ಷ ಪಕ್ಷ ಎರಡಾಯಿತು. ನಿಜಲಿಂಗಪ್ಪನವರಿಗೂ ಆತ್ಮಸಾಕ್ಷಿ ಇತ್ತಲ್ಲ? ಯಾರದು ಸರಿ ಅಂತ ಅಳೆಯುವವರು ಯಾರು? ಅಂದಿನಿಂದ ಇಂದಿನವರೆಗೆ ಅಡ್ಡಮತ ಹಾಕಿದವರೆಲ್ಲ ಅದೇ ಮಾತು ಹೇಳುತ್ತಾರೆ.

ನನಗೆ ನಿಜವಾಗಿ ಹೊಟ್ಟೆ ಉರಿಸುವುದು ಮೂರನೆಯದು. ಈ ಊರಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಓನರ್ ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಏನು ಊಟ ಮಾಡುತ್ತೀರಿ ಅಂತ ಕೇಳುತ್ತಾರೆ. ಆಮೇಲೆ ಬ್ರೋಕರ್ ಫೋನ್ ಮಾಡಿ, "ಅವರಿಗೆ ಯಾಕೋ ಮನಸ್ಸಿಗೆ ಬರಲಿಲ್ಲವಂತೆ ಸರ್" ಅನ್ನುತ್ತಾನೆ. ಜಾತಿ, ಧರ್ಮ ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಬ್ಯಾಂಕಿನ ಐಡಿ, ಸಂಬಳದ ಚೀಟಿ ಎಲ್ಲ ಹಿಡಿದುಕೊಂಡು ಮನೆಯಿಂದ ಮನೆಗೆ ಅಲೆದರು, ಎಲ್ಲ ಕಡೆಯೂ ಇದೇ ಉತ್ತರ. ಆ ಓನರ್‌ಗಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೇ ಅನಿಸುತ್ತದೆ, ಶಾಂತವಾಗಿ ಕೂತು ಯೋಚಿಸಿದರೂ ಹಾಗೇ ಅನಿಸುತ್ತದೆ. ಚಿಕ್ಕಂದಿನಿಂದ ತುಂಬಿಸಿದ್ದು ಒಳಗಿನ ದನಿಯಾಗಿ ಹೊರಗೆ ಬರುತ್ತಿದೆ. ಮುಟ್ಟಬಾರದು, ಒಳಗೆ ಬಿಟ್ಟುಕೊಳ್ಳಬಾರದು ಅನ್ನುತ್ತಿದ್ದ ಹಿಂದಿನವರಿಗೂ ಅದು ಮನಸ್ಸಾಕ್ಷಿಯೇ ಆಗಿತ್ತು. ಅದನ್ನು ಅಪರಾಧ ಅಂತ ಹೇಳಲು ಸಂವಿಧಾನದ 17ನೇ ವಿಧಿ ಬೇಕಾಯಿತು. ಎಲ್ಲರ ಎದೆಯೂ ತಾನಾಗಿ ಬದಲಾಗಲಿ ಅಂತ ಕಾಯುತ್ತಾ ಕೂತಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆವು.

ಹಾಗಾದರೆ ಮನಸ್ಸಿಗೆ ಜಾಗವೇ ಇಲ್ಲವಾ? ಇದೆ, ಆದರೆ ಸರದಿಯಲ್ಲಿ ಕೊನೆಗೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಇಸ್ರೇಲ್ ಸೈನ್ಯಕ್ಕೆ ಸೇರುವವರ ಸಂದರ್ಶನದ ಪದ್ಧತಿ ಬದಲಾಯಿಸಿದರು. ಮಾತಾಡಿಸಿ, ಒಟ್ಟಾರೆ ಹೇಗನಿಸಿತು ಅಂತ ಅಂಕ ಕೊಡುವುದು ಹಳೆಯ ಕ್ರಮ. ಅದರಿಂದ ಹೆಚ್ಚುಕಡಿಮೆ ಏನೂ ಉಪಯೋಗ ಇರಲಿಲ್ಲ. ಇವರು ಆರು ಗುಣಗಳನ್ನು ಗುರುತಿಸಿ, ಒಂದೊಂದಕ್ಕೂ ಬೇರೆ ಬೇರೆ ಪ್ರಶ್ನೆ ಕೇಳಿ ಬೇರೆ ಬೇರೆ ಅಂಕ ಕೊಡಿ ಅಂದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂತ ಸಂದರ್ಶಕರು ಸಿಟ್ಟಾದರು. ಸರಿ, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡು ನಿಮಗೆ ಅನಿಸಿದ ಒಂದು ಅಂಕವನ್ನೂ ಕೊಡಿ ಅಂದರು. ಆ ಅಂಕವೂ ಆರು ಅಂಕಗಳ ಮೊತ್ತದಷ್ಟೇ ಚೆನ್ನಾಗಿ, ಆ ಸೈನಿಕರು ಮುಂದೆ ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ಊಹಿಸಿತು.

ಸೈಟ್ ತೆಗೆದುಕೊಳ್ಳಲು ಸಾಲ ಕೇಳಿ ಬಂದವರಿಗೆ ನಾನು ಇದನ್ನೇ ಹೇಳುತ್ತೇನೆ. ಇಸಿ (ಋಣಭಾರ ಪತ್ರ) ತೆಗೆಸಿ, ಖಾತಾ ನೋಡಿ, ಮೂಲಪತ್ರ ವಕೀಲರಿಗೆ ತೋರಿಸಿ. ಎಲ್ಲ ಸರಿ ಇದ್ದೂ ಮನಸ್ಸು ಬೇಡ ಅಂದರೆ ಬಿಟ್ಟುಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ಕಾಗದ ಸರಿ ಇಲ್ಲದೆ ಮನಸ್ಸು ಬೇಕು ಅಂದರೆ ಮಾತ್ರ ನಾನು ಸಾಲ ಕೊಡುವುದಿಲ್ಲ.