ಬಾಟಲಿಯ ಮೇಲೆ ಬೆಳೆಗಾರರ ಹೆಸರು

ನಾನಿರುವುದು ಇಟಲಿಯ ಟುರಿನ್‌ನಲ್ಲಿ. ಊರಿಂದ ನೆಂಟರು ಬಂದರೆ ವೆನಿಸ್, ಮಿಲಾನ್ ಅಂತ ಹೊರಡುತ್ತಾರೆ. ನಾನು ಮಾತ್ರ ಮೊದಲು ಹತ್ತಿರದ ಲಾಂಗೆ ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತೇನೆ.

ಗುಡ್ಡಕ್ಕೊಂದು ಹಳೇ ಊರು, ಊರಿಗೊಂದು ಕೋಟೆಯೋ ಗೋಪುರವೋ. ಕೆಳಗೆ ಇಳಿಜಾರಿನ ತುಂಬ ದ್ರಾಕ್ಷಿ ಸಾಲು. ದಕ್ಷಿಣದ ಬಿಸಿಲು ಬೀಳುವ ಕಡೆ ನೆಬ್ಬಿಯೋಲೊ ತಳಿ, ಬಿಸಿಲು ಕಮ್ಮಿ ಇರುವ ಕಡೆ ಹೇಝಲ್‌ನಟ್ ಗಿಡ. ಬರೋಲೊ, ಲಾ ಮೊರ್ರಾ, ನೇವೆ, ಇಲ್ಲಿನ ಊರುಗಳೆಲ್ಲ ಚೆಂದವೇ. ಯುನೆಸ್ಕೊ 2014ರಲ್ಲಿ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಆದರೆ ನನ್ನ ಮನಸ್ಸು ನಿಲ್ಲುವುದು ಬಾರ್ಬರೆಸ್ಕೊದಲ್ಲಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಬೆಟ್ಟಗಳಲ್ಲಿ ಬಡತನ. ಹುಡುಗರು ಟುರಿನ್‌ನ ಕಾರ್ಖಾನೆಗಳಿಗೆ ಹೊರಟುಬಿಟ್ಟರು. 1958ರಲ್ಲಿ ಬಾರ್ಬರೆಸ್ಕೊದ ಪಾದ್ರಿ 19 ಬೆಳೆಗಾರರನ್ನು ಸೇರಿಸಿ ಸಹಕಾರ ಸಂಘ ಕಟ್ಟಿದರು. ಮೊದಲ ಮೂರು ವರ್ಷದ ವೈನ್ ಮಾಡಿದ್ದು ಚರ್ಚಿನ ನೆಲಮಾಳಿಗೆಯಲ್ಲೇ! ಸಂಘ ಇವತ್ತಿಗೂ ಇದೆ, ಅದೇ ಊರಲ್ಲಿ. ಒಳ್ಳೆಯ ಫಸಲು ಬಂದ ವರ್ಷ ಒಂದೊಂದು ತೋಟದ ವೈನನ್ನು ಬೇರೆ ಬೇರೆಯಾಗಿ ತುಂಬುತ್ತಾರೆ. ಆ ಬಾಟಲಿ ತಿರುಗಿಸಿ ನೋಡಿ, ಆ ತೋಟದಲ್ಲಿ ದ್ರಾಕ್ಷಿ ಬೆಳೆದ ಮನೆತನಗಳ ಹೆಸರು ಅಚ್ಚಾಗಿರುತ್ತದೆ. ನನಗೆ ಕುಡಿಯುವುದಕ್ಕಿಂತ ಆ ಹೆಸರುಗಳನ್ನು ಓದುವುದೇ ಜಾಸ್ತಿ ಖುಷಿ.

ನಮ್ಮ ನಂದಿ ಸೀಮೆಯಲ್ಲಿ ಏನು ಕಮ್ಮಿ ಇದೆ ಹೇಳಿ? ಬೆಟ್ಟ ಇದೆ. ಬೆಟ್ಟದ ಬುಡದಲ್ಲಿ ಒಂಬತ್ತನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರ ಗುಡಿ, ಅದರ ಕಲ್ಯಾಣಿ. ಸುತ್ತಮುತ್ತ ಬೆಂಗಳೂರು ಬ್ಲೂ ದ್ರಾಕ್ಷಿ, ಅದಕ್ಕೆ ಈ ಸೀಮೆಯದೇ ಬೆಳೆ ಅನ್ನುವ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ದೊಡ್ಡ ವೈನ್ ಕಂಪನಿಯೂ ಇದೆ. ಆದರೆ ಜನ ಬೆಳಗಿನ ಜಾವ ಬೆಟ್ಟ ಹತ್ತಿ, ಮಂಜಿನಲ್ಲಿ ಫೋಟೊ ತೆಗೆದು, ತಿಂಡಿಗೆ ಹೆದ್ದಾರಿಗೆ ವಾಪಸ್. ಊರೊಳಗೆ ಕಾಲಿಡುವವರು ಕಡಿಮೆ. ದ್ರಾಕ್ಷಿ ಕ್ರೇಟ್ ಲಾರಿ ಹತ್ತಿದ ಮೇಲೆ ಯಾವ ಹಳ್ಳಿಯದು, ಯಾರು ಬೆಳೆದದ್ದು ಅಂತ ಕೇಳುವವರಿಲ್ಲ. ಸುಮ್ನೆ ಕೆಜಿಗೆ ಇಷ್ಟು, ಅಷ್ಟೇ. ಇಂಥ ವ್ಯಾಪಾರದಲ್ಲಿ ಸೈಟ್ ಮಾಡುವವನು ಒಳ್ಳೆ ರೇಟ್ ಹೇಳಿದರೆ ರೈತ ತೋಟ ಕೊಟ್ಟುಬಿಡುತ್ತಾನೆ. ಅವನನ್ನು ಬೈಯುವುದು ಹೇಗೆ?

ಇಟಲಿಯವರಿಗೆ ಶಿಸ್ತಿದೆ, ನಮ್ಮಲ್ಲಿ ಇದೆಲ್ಲ ಆಗಲ್ಲ ಅಂತ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಶುರುವಾಗಿದ್ದು 1905ರಲ್ಲಿ, ಬಾರ್ಬರೆಸ್ಕೊ ಪಾದ್ರಿಗಿಂತ ಅರ್ಧ ಶತಮಾನ ಮೊದಲು. ಹಾಲಿಗೆ ನಂದಿನಿ ಕಟ್ಟಿದವರೂ ನಾವೇ ಅಲ್ವಾ? ದ್ರಾಕ್ಷಿಗೂ ಕಟ್ಟಬಹುದು. ವೈನೇ ಆಗಬೇಕಂತಿಲ್ಲ, ಬೆಂಗಳೂರು ಬ್ಲೂ ಜ್ಯೂಸಿಗೂ ಜಾಮಿಗೂ ಹೇಳಿ ಮಾಡಿಸಿದ ಹಣ್ಣು. ಗುಡಿಯ ಬೀದಿಯಲ್ಲೇ ಸಂಘದ ಅಂಗಡಿ ಇರಲಿ. ತೋಟದ ಬದುವಿನ ಮೇಲೆ ನಡೆದಾಡಲು ದಾರಿ ಇರಲಿ. ಬಾಟಲಿಯ ಮೇಲೆ ಹಳ್ಳಿಯ ಹೆಸರು, ಬೆಳೆದವರ ಹೆಸರು ಕನ್ನಡದಲ್ಲೇ ಇರಲಿ. ಅಂಥದ್ದೊಂದು ಶುರುವಾದರೆ ಟುರಿನ್‌ನಿಂದ ಬರುವಾಗ ಬಾರ್ಬರೆಸ್ಕೊದವರನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ.